ಕ್ರಯಪತ್ರ, ಯಂತ್ರ ಮತ್ತು ಹತ್ತು ಗಂಟೆಯ ಬಸ್ಸು

ಈ ಬರಹದ ಮೊದಲ ಪ್ರತಿಯಲ್ಲಿ ನಾನು ಇದಕ್ಕಿಂತ ಒಳ್ಳೆಯ ಮನುಷ್ಯನಾಗಿದ್ದೆ. ಅದನ್ನು ಓದಿದ ನಾಗರತ್ನ ಫೋನ್ ಮಾಡಿದಳು. ಫೋನ್ ಇಟ್ಟ ಮೇಲೆ ಕೊನೆಯ ಆರು ಪುಟ ಹರಿದುಹಾಕಿ ಮತ್ತೆ ಮೊದಲಿನಿಂದ ಬರೆಯಲು ಕೂತೆ.

ನಾಗರತ್ನ ಸಾಗರದ ಒಂದು ಕಾನೂನು ಕಾಲೇಜಿನ ಪ್ರಿನ್ಸಿಪಾಲ್. ಕಾಲೇಜಿನ ಹೆಸರು ಬರೆಯದಿದ್ದರೆ ಅದಕ್ಕೂ ಕ್ಷೇಮ, ನನಗೂ ಕ್ಷೇಮ. ಒಂದು ಕಾಲಕ್ಕೆ ಅವಳು ಅದೇ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿ. ಆಗ ನಾನು ಬರೆದ ಒಂದು ಕಂಪ್ಯೂಟರ್ ಪ್ರೋಗ್ರಾಮು ಅವಳ ಉತ್ತರವನ್ನು ನಕಲು ಎಂದು ಹೇಳಿ, ಅವಳು ಕೊನೆಯ ವರ್ಷದ ಪರೀಕ್ಷೆಗೆ ಕೂರುವುದೇ ಅನುಮಾನವಾಗಿತ್ತು. ಈಗ ಕಾಲೇಜಿಗೆ ಕಂಪ್ಯೂಟರನ್ನೂ ಕಾನೂನನ್ನೂ ಒಟ್ಟಿಗೆ ಕಲಿಸಲು ಮೂವರು ಹೊಸ ಮೇಷ್ಟ್ರುಗಳು ಬಂದಿದ್ದಾರಂತೆ. ಅವರಿಗಾಗಿ ಏನಾದರೂ ಬರೆದುಕೊಡಿ ಎಂದು ಕೇಳಿದವಳೂ ಅವಳೇ. ಉಳಿದದ್ದೆಲ್ಲ ಆ ನಕಲಿನ ಕಥೆಗೆ ಹೋಗುವ ದಾರಿ. ನಮ್ಮ ಕಡೆಯ ಬಸ್ಸಿನ ಹಾಗೆ ನಡುವೆ ಕೈ ತೋರಿಸಿದಲ್ಲೆಲ್ಲ ನಿಲ್ಲುತ್ತೇನೆ, ಸಹಿಸಿಕೊಳ್ಳಿ.

ಕೃತಕ ಬುದ್ಧಿಮತ್ತೆ, ಕಾನೂನು, ಕಂಪ್ಯೂಟರ್ ಪಾಠ, ಮೂರನ್ನೂ ಒಬ್ಬನೇ ನೋಡಿಕೊಳ್ಳುತ್ತಿದ್ದೆ ಎಂದರೆ ಈಗಿನವರು ದೊಡ್ಡ ವಿದ್ವಾಂಸ ಅಂದುಕೊಳ್ಳುತ್ತಾರೆ. ನಿಜವೇನೆಂದರೆ ಮೂರಕ್ಕೂ ಬೇರೆ ಬೇರೆ ಜನ ಸಿಗುತ್ತಿರಲಿಲ್ಲ. ನಾನು ಮೊದಲು ಓದಿದ್ದು ಕಂಪ್ಯೂಟರ್. ಆಮೇಲೆ ಲಾ ಓದಿದೆ. ಯಾಕೆ ಓದಿದೆ ಎನ್ನುವುದಕ್ಕೆ ಈವರೆಗೆ ಮೂರು ಕಾರಣ ಹೇಳುತ್ತ ಬಂದಿದ್ದೇನೆ. ಇಂಟರ್‌ವ್ಯೂನಲ್ಲಿ, ಯಂತ್ರಗಳು ತೀರ್ಪು ಕೊಡುವ ಕಾಲ ಬರುತ್ತದೆ ಎಂದು ಮೊದಲೇ ಕಂಡಿದ್ದೆ ಅಂದೆ. ಸ್ನೇಹಿತರ ಹತ್ತಿರ, ಸಂಜೆ ಹೊತ್ತು ಕಳೆಯಲು ಅಂದೆ. ನನ್ನ ಹೆಂಡತಿಯ ಪ್ರಕಾರ ಯಾರೋ ನನ್ನ ಹತ್ತಿರ "ನಿನಗೆ ವಾದ ಮಾಡೋಕೆ ಬರತ್ತೆ, ಗೆಲ್ಲೋಕೆ ಬರಲ್ಲ" ಅಂದದ್ದೇ ಕಾರಣ. ಆ 'ಯಾರೋ' ತಾನೇ ಎಂದೂ ಅವಳು ಹೇಳುತ್ತಾಳೆ. ಮೂರರಲ್ಲಿ ಯಾವುದು ನಿಜವೋ ನನಗೆ ಗೊತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನು ಖಚಿತವಾಗಿ ಹೇಳುವ ಮಾತುಗಳನ್ನೇ ನೀವು ಹೆಚ್ಚು ಅನುಮಾನಿಸಬೇಕು.

ನನ್ನ ಮನೆ ತೀರ್ಥಹಳ್ಳಿಯಲ್ಲಿ. ವಾರಕ್ಕೆ ಮೂರು ದಿನ ಸಾಗರದ ಕಾಲೇಜು, ಒಂದು ದಿನ ಹೊಸನಗರದಲ್ಲಿ ಕಂಪ್ಯೂಟರ್ ತರಬೇತಿ. ತೀರ್ಥಹಳ್ಳಿಯಿಂದ ಬೆಳಿಗ್ಗೆ ಹೊರಟರೆ ಹೊಸನಗರದಲ್ಲಿ ಇಳಿದು ಹತ್ತು ಗಂಟೆಯ ಸಾಗರದ ಬಸ್ಸು ಹಿಡಿಯಬೇಕು. ಆ ಹತ್ತು ಗಂಟೆಯ ಬಸ್ಸನ್ನು ನೆನಪಿಟ್ಟುಕೊಳ್ಳಿ.

ಸಾಗರದ ಕಾಲೇಜಿನ ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಡಬೇಕಿತ್ತು. ಒಳಗೆ ಧೂಳು ಹೋದರೆ ಯಂತ್ರ ಕೆಡುತ್ತದೆ ಎಂದು ನಾನೇ ಮಾಡಿದ ನಿಯಮ. ಆಗಿನ ಪ್ರಿನ್ಸಿಪಾಲರು ಹಳೆಯ ಕಾಲದ ವಕೀಲರು. ಅವರು ಚಪ್ಪಲಿ ಬಿಟ್ಟು ಒಳಗೆ ಬಂದವರು ಕೈಯನ್ನೂ ಕಟ್ಟಿಕೊಂಡೇ ನಿಲ್ಲುತ್ತಿದ್ದರು. ಪ್ರಿಂಟರಿನಿಂದ ಕಾಗದ ಕಿರ್ ಕಿರ್ ಎಂದು ಹೊರಬರುವುದನ್ನು ಕೊನೆಯವರೆಗೆ ನೋಡಿ, ಹರಿದುಕೊಂಡು, ಅದಕ್ಕೆ ಕಾಲೇಜಿನ ಮೊಹರು ಒತ್ತಿಸಿ ಕಡತಕ್ಕೆ ಹಾಕಿಸುತ್ತಿದ್ದರು. ಒಮ್ಮೆ ನಾನು ಪ್ರಿಂಟರ್ ಸರಿಯಿದೆಯೇ ಎಂದು ನೋಡಲು ಹೊಡೆಸಿದ ಅಆಇಈ ಹಾಳೆಗೂ ಮೊಹರು ಬಿದ್ದಿತ್ತು. ನನಗೆ ಅದು ತಮಾಷೆಯಾಗಿ ಕಂಡಿತ್ತು. ಯಂತ್ರ ಹೇಳಿದ್ದನ್ನು ಮನುಷ್ಯ ಹೇಳಿದ್ದಕ್ಕಿಂತ ಹೆಚ್ಚು ನಂಬುವ ಯಜಮಾನರು ಇದ್ದಲ್ಲಿ ಯಂತ್ರ ತಯಾರಿಸುವವನು ಎಷ್ಟು ಎಚ್ಚರವಾಗಿರಬೇಕು ಎಂಬ ಯೋಚನೆ ಮಾತ್ರ ಬಂದಿರಲಿಲ್ಲ.

ಕೋಣೆಯಲ್ಲಿ ಯಂತ್ರಗಳು ನಾಲ್ಕಿದ್ದವು. ಐದಿರಬಹುದು. ಕರೆಂಟು ಮಾತ್ರ ಇರುತ್ತಿರಲಿಲ್ಲ, ಅದರಲ್ಲಿ ಅನುಮಾನವಿಲ್ಲ. ಹಾಗಾಗಿ ನಾನು ವಿದ್ಯಾರ್ಥಿಗಳನ್ನೇ ಕಂಪ್ಯೂಟರ್ ಮಾಡುತ್ತಿದ್ದೆ. ಒಬ್ಬ ಎಕ್ಸ್, ಒಬ್ಬ ವೈ. ಎಕ್ಸ್ ಆದವನ ಕೈಗೆ ಏಳು ಎಂದು ಬರೆದ ಚೀಟಿ ಕೊಡುವುದು. ವೈ ಆದವನು ಅದನ್ನು ನೋಡಿ ಎರಡರಿಂದ ಗುಣಿಸಿ ತನ್ನ ಚೀಟಿಯಲ್ಲಿ ಬರೆದುಕೊಳ್ಳುವುದು. ಪಾಠ ಬಹಳ ಚೆನ್ನಾಗಿ ನಡೆಯಿತು. ಊಟದ ಬಿಡುವಿನ ನಂತರ ಬಂದು ನೋಡಿದರೆ ಲೆಕ್ಕ ಮುಂದೆ ಹೋಗುತ್ತಿಲ್ಲ. ಯಾಕೆ ಎಂದು ಕೇಳಿದೆ. ಹಿಂದಿನ ಬೆಂಚಿನಿಂದ ಉತ್ತರ ಬಂತು: "ಎಕ್ಸ್ ಊರಿಗೆ ಹೋದ ಸಾರ್. ಬ್ಯಾಕೋಡಿನ ಕಡೆಯವ, ಹೊಳೆ ದಾಟೋ ಲಾಂಚ್ ತಪ್ಪತ್ತೆ ಅಂತ. ಏಳು ಅವನ ಜೇಬಲ್ಲೇ ಇದೆ."

ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಹೊಸ ಮೇಷ್ಟ್ರುಗಳೇ, ಕಂಪ್ಯೂಟರಿನ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಆ ಮಾತಿನಲ್ಲಿದೆ. ಯಂತ್ರದ ಒಳಗಿರುವ ಪ್ರತಿಯೊಂದು ಅಂಕಿಯೂ ಯಾರದೋ ಜೇಬಿನಿಂದ ಬಂದದ್ದು. ಯಾರ ಜೇಬು ಎಂದು ಕೇಳುವುದನ್ನು ಮರೆಯಬಾರದು. ನಾನು ಮರೆತೆ.

ಆ ದಿನಗಳಲ್ಲಿ ನಮ್ಮ ವಿದ್ಯೆಯ ದೊಡ್ಡ ಕನಸು ಎಂದರೆ ನಿಯಮಗಳನ್ನು ಬರೆಯುವುದು. ಪರಿಣತನೊಬ್ಬನ ತಲೆಯಲ್ಲಿರುವುದನ್ನೆಲ್ಲ 'ಹೀಗಿದ್ದರೆ ಹಾಗೆ' ಎಂದು ಒಂದೊಂದಾಗಿ ಬರೆದುಕೊಟ್ಟರೆ ಯಂತ್ರವೂ ಪರಿಣತನಾಗುತ್ತದೆ ಎಂಬ ನಂಬಿಕೆ. ಕಾನೂನು ಇದಕ್ಕೆ ಹೇಳಿಮಾಡಿಸಿದ್ದು ಅಂದುಕೊಂಡೆ, ಅದೇ ನಿಯಮಗಳ ಕಟ್ಟಲ್ಲವೇ. ಗೇಣಿ ಕಾಯಿದೆಯನ್ನು ಆರಿಸಿಕೊಂಡೆ. ಉಳುವವನಿಗೆ ಭೂಮಿ ಕೊಟ್ಟ ಕಾಯಿದೆ ನಮ್ಮ ಮೂರೂ ತಾಲ್ಲೂಕಿನಲ್ಲಿ ಮನೆಮನೆಯ ಕಥೆ. ಯಂತ್ರ ಒಂದರ ಹಿಂದೊಂದು ಪ್ರಶ್ನೆ ಕೇಳುತ್ತದೆ, ಹೌದು ಅಥವಾ ಇಲ್ಲ ಎಂದು ಒತ್ತಬೇಕು, ಕೊನೆಗೆ ನೀವು ಗೇಣಿದಾರ ಹೌದೋ ಅಲ್ಲವೋ ಎಂದು ಹೇಳುತ್ತದೆ. ಅದನ್ನು ಬರೆಯಲು ಎರಡು ವರ್ಷ ಹಿಡಿಯಿತು.

ಹೊಸನಗರದ ತರಬೇತಿ ಕೋಣೆಯಲ್ಲಿ ಅದನ್ನು ಊರಿನವರಿಗೆ ತೋರಿಸಿದೆ. ಪರೀಕ್ಷೆಗೆ ಮುಂದೆ ಬಂದವರು ತಿಮ್ಮಪ್ಪ. ತಾಲ್ಲೂಕು ಕಚೇರಿಯ ಎದುರು ಮೇಜು ಹಾಕಿಕೊಂಡು ಕೂರುತ್ತಿದ್ದ ಪತ್ರ ಬರಹಗಾರರು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಬರೆದುಕೊಡುವುದು ಅವರ ಕಸುಬು. ದಪ್ಪ ಕನ್ನಡಕ, ಕಿವಿಯ ಮೇಲೆ ಪೆನ್ನು. ತಮ್ಮ ತಂದೆಯ ಕೇಸನ್ನೇ ಯಂತ್ರಕ್ಕೆ ಹಾಕೋಣ ಅಂದರು. ತಂದೆಯ ಗೇಣಿ ಗದ್ದೆ ಭೂ ನ್ಯಾಯಮಂಡಳಿಯಲ್ಲಿ ಅವರದೇ ಹೆಸರಿಗೆ ಆಗಿ ಆಗಲೇ ಬಹಳ ವರ್ಷವಾಗಿತ್ತು. ಅಂದರೆ ಸರಿಯುತ್ತರ ಎಲ್ಲರಿಗೂ ಗೊತ್ತಿತ್ತು.

ಗೇಣಿ ರಸೀದಿ ಇದೆಯೇ ಎಂದು ಯಂತ್ರ ಕೇಳಿತು. ಇಲ್ಲ, ಒಡೆಯರು ಯಾವತ್ತೂ ಕೊಡುತ್ತಿರಲಿಲ್ಲ ಅಂದರು. ಗೇಣಿ ಕರಾರು ಇದೆಯೇ. ಇಲ್ಲ. ಪಹಣಿಯಲ್ಲಿ ಹೆಸರಿದೆಯೇ. ಒಂದು ವರ್ಷ ಇತ್ತು, ಆಮೇಲೆ ಇರಲಿಲ್ಲ, ಆಮೇಲೆ ತಪ್ಪಾಗಿ ಚಿಕ್ಕಪ್ಪನ ಹೆಸರಿತ್ತು. ಇದಕ್ಕೆ ಏನು ಒತ್ತಬೇಕು ಎಂದು ಅವರು ನನ್ನನ್ನೇ ಕೇಳಿದರು. ಇಲ್ಲ ಎಂದೇ ಒತ್ತಿ ಅಂದೆ. ಯಂತ್ರ ಕ್ಷಣ ತಡೆದು, ಅರ್ಜಿದಾರ ಗೇಣಿದಾರನಲ್ಲ ಎಂದು ತೀರ್ಪು ಕೊಟ್ಟಿತು.

ತಿಮ್ಮಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಪುಣ್ಯಕ್ಕೆ ಇದು ಆವಾಗ ಇರ್ಲಿಲ್ಲ ಮೇಷ್ಟ್ರೇ. ಇದ್ದಿದ್ರೆ ಗದ್ದೆ ಹೋಗಿರೋದು."

ಹಾಗಾದರೆ ನ್ಯಾಯಮಂಡಳಿಯವರು ಹೇಗೆ ತೀರ್ಮಾನ ಮಾಡಿದರು ಎಂದು ಕೇಳಿದೆ. ಅವರು ಒಡೆಯರನ್ನೂ ಅಪ್ಪನನ್ನೂ ಗದ್ದೆಗೆ ಕರೆದುಕೊಂಡು ಹೋಗಿದ್ದರಂತೆ. ಮೊದಲ ಜೋರು ಮಳೆಗೆ ಯಾವ ಅಂಚು ಒಡೆಯುತ್ತದೆ ಎಂದು ಕೇಳಿದರಂತೆ. ಒಡೆಯರು ನಾಲ್ಕೂ ಕಡೆ ನೋಡಿದರು. ಇವರ ಅಪ್ಪ ನೋಡಲೇ ಇಲ್ಲ, ಹೋಗಿ ಆ ಅಂಚಿನ ಮೇಲೆ ನಿಂತರು. "ಅಷ್ಟೇ ಕೇಸು," ಅಂದರು ತಿಮ್ಮಪ್ಪ. "ಈ ಪ್ರಶ್ನೆ ನಿಮ್ಮ ಮಿಷನ್ನಲ್ಲಿ ಉಂಟಾ?"

ಇರಲಿಲ್ಲ. ನಾನು ಆ ಪ್ರಶ್ನೆಯನ್ನೂ ಸೇರಿಸುತ್ತೇನೆ ಅಂದೆ. ಯಾರ ಗದ್ದೆಯ ಅಂಚು ಎಂದು ಸೇರಿಸುತ್ತೀರಿ ಎಂದು ಅವರು ಕೇಳಿದರು. ಅಂದಿನಿಂದ ನಾವಿಬ್ಬರೂ ಸ್ನೇಹಿತರು. ಹೊಸನಗರಕ್ಕೆ ಹೋದಾಗಲೆಲ್ಲ ಅವರ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು ಒಂದು ಚಹಾ. ಅವರು ಪತ್ರವನ್ನು ಬಾಯಲ್ಲಿ ಹೇಳುವುದನ್ನು ಕೇಳುವುದೇ ಒಂದು ಸೊಗಸು. ನಿಧಿ ನಿಕ್ಷೇಪ ಜಲ ತರು ಪಾಷಾಣ ಎಂದು ಹಕ್ಕುಗಳ ಪಟ್ಟಿ ಶುರುಮಾಡಿದರೆ ಉಸಿರು ಬಿಡದೆ ಒಂದು ಪ್ಯಾರಾ ಮುಗಿಸುತ್ತಿದ್ದರು. ಮನೆಯ ಸಂಗತಿ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಗಂಡಸರ ಸ್ನೇಹ ಹೀಗೇ ಇರುತ್ತದೆ. ಹತ್ತು ವರ್ಷ ಚಹಾ ಕುಡಿದ ಮೇಲೂ ಮಕ್ಕಳೆಷ್ಟು ಎಂದು ಗೊತ್ತಿರುವುದಿಲ್ಲ.

ಆಮೇಲೆ ನಮ್ಮ ವಿದ್ಯೆಯ ಗಾಳಿ ತಿರುಗಿತು. ನಿಯಮ ಬರೆದು ಸಾಯಬೇಡಿ, ಉದಾಹರಣೆಗಳನ್ನು ರಾಶಿ ಹಾಕಿ, ಯಂತ್ರ ತಾನೇ ಕಲಿಯುತ್ತದೆ ಎಂದರು. ಗೇಣಿ ಪ್ರೋಗ್ರಾಮಿನಿಂದ ಮುಖಭಂಗವಾಗಿದ್ದ ನನಗೆ ಇದು ಬಹಳ ಹಿಡಿಸಿತು. ಅದೇ ಹೊತ್ತಿಗೆ ಸಾಗರದ ಕಾಲೇಜಿನಲ್ಲಿ ಹುಡುಗರು ದಸ್ತಾವೇಜು ಬರೆಯುವ ಅಭ್ಯಾಸದ ಉತ್ತರಗಳನ್ನು ಒಬ್ಬರದೊಬ್ಬರು ನೋಡಿ ಬರೆಯುತ್ತಾರೆ ಎಂದು ಪ್ರಿನ್ಸಿಪಾಲರಿಗೆ ತಲೆನೋವು ಶುರುವಾಗಿತ್ತು. ನಕಲು ಹಿಡಿಯುವ ಯಂತ್ರ ಮಾಡಿಕೊಡುತ್ತೇನೆ ಎಂದೆ. ಒಂದು ಉತ್ತರವನ್ನು ಕೊಟ್ಟರೆ, ಅದರ ಸಾಲುಗಳು ಈಗಾಗಲೇ ಯಂತ್ರದಲ್ಲಿರುವ ಬರಹಗಳಿಗೆ ಎಷ್ಟು ಹೋಲುತ್ತವೆ ಎಂದು ಅದು ಹೇಳುತ್ತದೆ. ಹೋಲಿಸಲು ಒಳ್ಳೆಯ ಕನ್ನಡ ಕ್ರಯಪತ್ರಗಳು ಬೇಕಿತ್ತು. ಎಲ್ಲಿ ಸಿಗುತ್ತವೆ? ತಿಮ್ಮಪ್ಪನವರ ಹತ್ತಿರ ಎರಡು ದೊಡ್ಡ ಕಟ್ಟು ನಕಲುಪ್ರತಿಗಳಿದ್ದವು. ಯಾವುದಕ್ಕೆ ಎಂದೂ ಕೇಳದೆ, ಹೆಸರು, ಸರ್ವೆ ನಂಬರು ಅಳಿಸಿಕೊಂಡು ಒಯ್ಯಿರಿ ಎಂದು ಕೊಟ್ಟರು. ಹೊಸನಗರದ ತರಬೇತಿಯ ಹುಡುಗಿಯರು ಟೈಪಿಂಗ್ ಅಭ್ಯಾಸಕ್ಕೆಂದು ಅವನ್ನೆಲ್ಲ ಟೈಪು ಮಾಡಿದರು. ಕಟ್ಟುಗಳನ್ನು ನಾನು ಹಿಂದಕ್ಕೆ ಕೊಟ್ಟೆ. ಕೈಬರಹದ ಒಂದು ಹಾಳೆಯನ್ನೂ ಸರಿಯಾಗಿ ನೋಡಿರಲಿಲ್ಲ. ಟೈಪಾದ ಮೇಲೆ ಎಲ್ಲರ ಅಕ್ಷರವೂ ಒಂದೇ.

ಮೊದಲ ಪರೀಕ್ಷೆಯಲ್ಲೇ ಯಂತ್ರ ಒಬ್ಬಳನ್ನು ಹಿಡಿಯಿತು. ನಾಗರತ್ನ ಟಿ., ಕೊನೆಯ ವರ್ಷ. ಅವಳು ಬರೆದ ಕ್ರಯಪತ್ರ ಯಂತ್ರದಲ್ಲಿದ್ದ ಕ್ರಯಪತ್ರಗಳಿಗೆ ಸಾಲು ಸಾಲಾಗಿ ಹೋಲುತ್ತಿತ್ತು. ಅದರಲ್ಲೂ ಒಂದು ಸಾಲು ಅಕ್ಷರವೂ ತಪ್ಪದೆ ಹಾಗೇ ಇತ್ತು. ನಾಲ್ಕು ದಿಕ್ಕಿನ ಗಡಿ ಹೇಳಿ ಮುಗಿಸಿದ ಮೇಲೆ, "ಈ ನಾಲ್ಕು ಗಡಿಗಳ ಒಳಗೆ ಬಿಸಿಲು ಬಿದ್ದಷ್ಟೂ ನೆಲ." ಇಂಥ ಸಾಲು ಯಾವ ಪಠ್ಯದಲ್ಲೂ ಇಲ್ಲ, ಯಾವ ವಕೀಲರೂ ಬರೆಯುವುದಿಲ್ಲ. ನಿಧಿ ನಿಕ್ಷೇಪ ಎಲ್ಲರೂ ಬರೆಯುತ್ತಾರೆ, ಅದು ಬೇರೆ. ಬಿಸಿಲು ಎಲ್ಲಿಂದ ಬಂತು? ಕದ್ದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಅಂದುಕೊಂಡೆ. ವರದಿ ಹೊಡೆಸಿದೆ. ಪ್ರಿನ್ಸಿಪಾಲರು ಮೊಹರು ಒತ್ತಿದರು. ವಿಚಾರಣೆ ಸಮಿತಿ ಕೂರಬೇಕೆಂದಾಯಿತು. ನಕಲು ಎಂದು ತೀರ್ಮಾನವಾದರೆ ಅವಳು ಆ ವರ್ಷ ಪರೀಕ್ಷೆಗೆ ಕೂರುವಂತಿಲ್ಲ, ನಡತೆಯ ಪತ್ರದಲ್ಲೂ ಅದು ಬರುತ್ತದೆ. ನಡತೆಯ ಪತ್ರ ಕೆಟ್ಟವಳು ಮುಂದೆ ಯಾವ ಕೋರ್ಟಿನಲ್ಲಿ ಕರಿಕೋಟು ಹಾಕುವುದು?

ಅವಳನ್ನು ಕರೆಸಿ ಕೇಳಿದೆವು. ನಕಲು ಮಾಡಿಲ್ಲ ಸಾರ್ ಅಂದಳು. ಹಾಗಾದರೆ ಈ ಸಾಲು ಎಲ್ಲಿಂದ ಬಂತು? ನಂದೇ ಸಾರ್ ಅಂದಳು. ಎಲ್ಲ ಹುಡುಗರೂ ಹೀಗೇ ಹೇಳುತ್ತಾರೆ ಎಂದು ಪ್ರಿನ್ಸಿಪಾಲರು ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಇದು ಮಾತ್ರ ಖಂಡಿತ ನೆನಪಿದೆ, ತಲೆಯಾಡಿಸಿದ್ದು.

ಇಲ್ಲಿಂದ ಮುಂದೆ ನಾನು ಇಪ್ಪತ್ತಕ್ಕೂ ಹೆಚ್ಚು ಕಡೆ ಹೇಳಿರುವ ಕಥೆ. ಬೀಳ್ಕೊಡುಗೆಗಳಲ್ಲಿ, ಕಾರ್ಯಾಗಾರಗಳಲ್ಲಿ, ಮದುವೆ ಮನೆಗಳಲ್ಲಿ, ನನ್ನ ನಿವೃತ್ತಿಯ ದಿನದ ಭಾಷಣದಲ್ಲಿ. ಹರಿದುಹಾಕಿದ ಆರು ಪುಟಗಳಲ್ಲಿ ಇದ್ದದ್ದೂ ಇದೇ.

ವಿಚಾರಣೆಯ ದಿನ. ಉದ್ದ ಮೇಜು, ಒಂದು ಕಡೆ ಸಮಿತಿ, ಇನ್ನೊಂದು ಕಡೆ ಒಂಟಿ ಕುರ್ಚಿಯಲ್ಲಿ ನಾಗರತ್ನ. ನಾನು ಎದ್ದು ನಿಂತು, ಸ್ವಾಮಿ, ಯಂತ್ರದ ಮಾತನ್ನು ನಂಬುವ ಮೊದಲು ಯಂತ್ರವನ್ನೇ ಪರೀಕ್ಷೆ ಮಾಡೋಣ ಅನ್ನುತ್ತೇನೆ. ನನ್ನ ಸ್ವಂತ ಸೈಟಿಗೆ ನಾನೇ ಬರೆದಿದ್ದ ಕ್ರಯಪತ್ರವನ್ನು ಅದರೊಳಗೆ ಹಾಕುತ್ತೇನೆ. ಯಂತ್ರ ಅದನ್ನೂ ನಕಲು ಅನ್ನುತ್ತದೆ. ನಿಧಿ ನಿಕ್ಷೇಪ ಎಲ್ಲರ ಪತ್ರದಲ್ಲೂ ಒಂದೇ ತಾನೇ. ಮೇಷ್ಟ್ರೇ ಕಳ್ಳರು ಎಂದು ಸಭೆ ನಗುತ್ತದೆ. ಅಷ್ಟರಲ್ಲಿ ತಿಮ್ಮಪ್ಪ ಕಟ್ಟು ಹೊತ್ತುಕೊಂಡು ಒಳಗೆ ಬರುತ್ತಾರೆ. ನಾಗರತ್ನ ಅವರ ಮಗಳು ಎಂದು ಆಗ ನನಗೆ ಗೊತ್ತಾಗುತ್ತದೆ. ಅವರು ಕಟ್ಟು ಬಿಚ್ಚುತ್ತಾರೆ. ಕೈಬರಹ ಅವಳದು. ಕಣ್ಣಿನ ಪೊರೆಯಿಂದಾಗಿ ಅಪ್ಪ ಬಾಯಲ್ಲಿ ಹೇಳುತ್ತಿದ್ದರು, ಶಾಲೆ ಮುಗಿಸಿ ಬಂದ ಮಗಳು ಬರೆಯುತ್ತಿದ್ದಳು. ಯಂತ್ರ ಅವಳನ್ನು ಹಿಡಿದದ್ದು ಅವಳದೇ ಬರಹದ ನಕಲಿಗೆ. ನಾನು ಮೊಹರು ಬಿದ್ದ ವರದಿಯನ್ನು ಎಲ್ಲರ ಎದುರು ಹರಿದುಹಾಕುತ್ತೇನೆ.

ಚೆನ್ನಾಗಿದೆಯಲ್ಲ? ಹರಿದ ಕಾಗದದ ಸದ್ದೂ ನನಗೆ ನೆನಪಿದೆ. ಕಿಟಕಿಯಿಂದ ಬರುತ್ತಿದ್ದ ಬೆಳಕು ನೆನಪಿದೆ. ಪ್ರಿನ್ಸಿಪಾಲರು ಮೂಗಿನ ತುದಿ ಮುಟ್ಟಿಕೊಂಡದ್ದು ನೆನಪಿದೆ.

ಮೊದಲ ಪ್ರತಿ ಕಳಿಸಿದ ಎರಡನೇ ದಿನ ನಾಗರತ್ನ ಫೋನ್ ಮಾಡಿದಳು. ಮೊದಲು ಮಂಡಿನೋವು ಹೇಗಿದೆ ಎಂದು ಕೇಳಿದಳು. ಚೀಟಿಯ ಏಳನ್ನು ಜೇಬಿಗೆ ಹಾಕಿಕೊಂಡು ಹೋದವನ ಕಥೆ ಓದಿ ನಕ್ಕೆ ಅಂದಳು. ಆಮೇಲೆ ವಿಷಯಕ್ಕೆ ಬಂದಳು.

"ಸಾರ್, ಅವತ್ತಿನ ಮೀಟಿಂಗಿಗೆ ನೀವು ಬಂದಿರ್ಲಿಲ್ಲ."

ನಾನು ಬಂದಿದ್ದೆ ಅಂದೆ. ಕಿಟಕಿಯ ಬೆಳಕಿನ ವಿಷಯ ಹೇಳಿದೆ. ಅವಳು ವಾದ ಮಾಡಲಿಲ್ಲ. ಐದು ನಿಮಿಷದಲ್ಲಿ ವಾಟ್ಸಾಪಿನಲ್ಲಿ ಒಂದು ಚಿತ್ರ ಬಂತು. ನಡವಳಿ ಪುಸ್ತಕದ ಪುಟ. ಹಾಜರಿದ್ದವರ ಸಹಿ ಸಾಲಾಗಿ ಇವೆ. ನನ್ನ ಹೆಸರಿನ ಮುಂದೆ ಪ್ರಿನ್ಸಿಪಾಲರ ಕೈಬರಹದಲ್ಲಿ 'ಗೈರು'. ಕೆಳಗೆ, ವಿದ್ಯಾರ್ಥಿನಿಯ ತಂದೆ ಹಾಜರುಪಡಿಸಿದ ಕೈಬರಹದ ಪ್ರತಿಗಳನ್ನು ಪರಿಶೀಲಿಸಿ ಆರೋಪ ಕೈಬಿಡಲಾಗಿದೆ. ಯಂತ್ರವನ್ನು ಯಾರೂ ಪರೀಕ್ಷೆ ಮಾಡಿಲ್ಲ. ವರದಿಯನ್ನು ಯಾರೂ ಹರಿದಿಲ್ಲ. ಅದು ಮೊಹರಿನ ಸಮೇತ ಇವತ್ತಿಗೂ ಕಡತದಲ್ಲಿದೆಯಂತೆ.

ನನ್ನ ಓದು ನನಗೆ ಕಲಿಸಿದ್ದು ಎಲ್ಲವನ್ನೂ ಅನುಮಾನಿಸು ಎಂದು. ಅನುಮಾನಿಸುವವನಿಗೆ ಕಾರಣ ಹುಡುಕುವುದೂ ಬಹಳ ಚೆನ್ನಾಗಿ ಬರುತ್ತದೆ. ಫೋನ್ ಮಾಡಿ ಹೇಳಿದೆ: ಹೌದು, ಈಗ ನೆನಪಾಯಿತು, ಅವತ್ತು ಬಟ್ಟೆಮಲ್ಲಪ್ಪದ ಹತ್ತಿರ ರಸ್ತೆಗೆ ಮರ ಬಿದ್ದಿತ್ತು, ಹತ್ತು ಗಂಟೆಯ ಬಸ್ಸು ಹೊರಡಲೇ ಇಲ್ಲ, ಹೊಸನಗರದಲ್ಲೇ ಸಿಕ್ಕಿಹಾಕಿಕೊಂಡೆ.

"ಅಪ್ಪ ಬಂದಿದ್ದು ಅದೇ ಬಸ್ಸಲ್ಲಿ ಸಾರ್," ಅಂದಳು ನಾಗರತ್ನ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಪಾಟೀಸವಾಲಿನಲ್ಲಿ ಒಳ್ಳೆಯ ವಕೀಲರ ದನಿ ಹೀಗೇ ಇರುತ್ತದೆ ಎಂದು ನಾನೇ ಅವಳ ತರಗತಿಗೆ ಹೇಳಿಕೊಟ್ಟಿದ್ದೆ, ಅಥವಾ ಹಾಗಂದುಕೊಂಡಿದ್ದೇನೆ. ತಿಮ್ಮಪ್ಪ ಕಟ್ಟನ್ನು ಹೆಗಲ ಮೇಲಿಟ್ಟುಕೊಂಡು ಬಸ್ ನಿಲ್ದಾಣಕ್ಕೆ ಬಂದಾಗ ನಾನು ಅಲ್ಲಿಯೇ ಕ್ಯಾಂಟೀನಿನಲ್ಲಿ ಕೂತಿದ್ದೆನಂತೆ. ಬನ್ನಿ ಮೇಷ್ಟ್ರೇ, ಬಸ್ಸು ಬಂತು ಅಂದರಂತೆ. ನೀವು ಹೋಗಿ, ನಾನು ಮುಂದಿನದಕ್ಕೆ ಬರುತ್ತೇನೆ ಅಂದೆನಂತೆ. ಕಟ್ಟಿನಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ತಮ್ಮ ಮಗಳ ಮೇಲೆ ವರದಿ ಬರೆದವನು ಇದೇ ಸ್ನೇಹಿತ ಎಂದು ಅವರಿಗೂ ಗೊತ್ತಿರಲಿಲ್ಲ. ಕಂಪ್ಯೂಟರ್ ವರದಿ ಬಂದಿದೆ, ಸಾಲು ತನ್ನದೇ ಎಂದು ತೋರಿಸಲು ಹಳೆಯ ಕಟ್ಟು ತರಬೇಕು ಎಂದಷ್ಟೇ ಮಗಳು ಹೇಳಿದ್ದಳು. ಸಾಗರಕ್ಕೆ ಹೋಗಿ ಖಾಲಿ ಕುರ್ಚಿಯ ಮುಂದಿದ್ದ ಹೆಸರಿನ ಚೀಟಿ ಓದಿಸಿಕೊಂಡಾಗ ಗೊತ್ತಾಯಿತಂತೆ.

ಆ ಸಭೆಯಲ್ಲಿ ನಡೆದದ್ದನ್ನು ಅವಳೇ ಹೇಳಿದಳು. ಕೈಬರಹ ನೋಡಿ ಸಮಿತಿ ಒಪ್ಪಿತು. ಪ್ರಿನ್ಸಿಪಾಲರು ಮಾತ್ರ ಬಿಡಲಿಲ್ಲ. ಬರೆದದ್ದು ಅವಳ ಕೈ ಇರಬಹುದು, ಹೇಳಿಕೊಟ್ಟದ್ದು ನೀವಲ್ಲವೇ, ಆ ಬಿಸಿಲಿನ ಸಾಲು ನಿಮ್ಮದು ತಾನೇ ಎಂದು ಕೇಳಿದರು. ತಿಮ್ಮಪ್ಪ ನಿಂತೇ ಉತ್ತರ ಹೇಳಿದರು.

"ಅಲ್ಲ ಸ್ವಾಮಿ. ಇವಳು ಏಳನೇ ಕ್ಲಾಸಲ್ಲಿದ್ದಾಗ ಒಂದು ಪತ್ರದಲ್ಲಿ ಹಂಗೆ ಬರೆದಿದ್ಲು. ಯಾಕೇ ಅಂದೆ. ಕತ್ಲಾದ್ರೂ ಗಡಿ ನೆನಪಿರ್ಲಿ ಅಂತ ಅಂದ್ಲು. ಪತ್ರ ಬರೆಸಿದ ಪಾರ್ಟಿಗೆ ಖುಷಿ ಆಯ್ತು, ಆಮೇಲೆ ಎಲ್ಲ ಪತ್ರಕ್ಕೂ ನಾನೇ ಅದನ್ನ ಹೇಳ್ತಾ ಬಂದೆ. ನಕಲು ಮಾಡಿದ್ದು ನಾನು. ಏನು ಶಿಕ್ಷೆ ಉಂಟೋ ನಂಗೆ ಕೊಡಿ."

 ಇಷ್ಟು ವರ್ಷ ಆ ಕೋಣೆಯಲ್ಲಿ ಅತ್ಯುತ್ತಮವಾದ ಮಾತು ನನ್ನದು ಎಂದು ಹೇಳಿಕೊಂಡು ತಿರುಗಿದ್ದೆ. ಅದು ಇದ್ದದ್ದು ಕನ್ನಡಕದ ಆ ಮನುಷ್ಯನ ಬಾಯಲ್ಲಿ. ನನ್ನ ಕಥೆಯಲ್ಲಿ ಅವರಿಗೆ ನಾನು ಕೊಟ್ಟಿದ್ದ ಕೆಲಸ ಕಟ್ಟು ಹೊತ್ತು ತರುವುದು ಮಾತ್ರ. ಬಹುಶಃ ಮಾರನೇ ವಾರ ಯಾರೋ ಅಟೆಂಡರ್ ನನಗೆ ಸಭೆಯ ಕಥೆ ಹೇಳಿರಬೇಕು. ಕಿಟಕಿ, ಬೆಳಕು, ಮೂಗಿನ ತುದಿ ಎಲ್ಲವೂ ಅವನದು. ನಾನು ಅದನ್ನು ಸಾಲು ಸಾಲಾಗಿ ನಕಲು ಮಾಡಿ ಕೆಳಗೆ ನನ್ನ ಹೆಸರು ಹಾಕಿಕೊಂಡೆ. ನನ್ನ ಯಂತ್ರ ಯಾರನ್ನಾದರೂ ಸರಿಯಾಗಿ ಹಿಡಿಯಬಹುದಿತ್ತು ಎಂದರೆ ನನ್ನನ್ನು.

ಫೋನ್ ಇಟ್ಟ ಮೇಲೆ ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು. "ಅವತ್ತು ಮಧ್ಯಾಹ್ನವೇ ಮನೆಗೆ ಬಂದಿದ್ರಿ. ಹೊಟ್ಟೆ ಸರಿ ಇಲ್ಲ ಅಂದ್ರಿ, ಆಮೇಲೆ ಎರಡು ಸಲ ಅನ್ನ ಹಾಕಿಸ್ಕೊಂಡ್ರಿ," ಅಂದಳು. ಹಿಂದೆಂದಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕಥೆ ಚೆನ್ನಾಗಿತ್ತಲ್ಲ ಮಾರಾಯ್ರೆ, ಯಾಕೆ ಹಾಳು ಮಾಡ್ಲಿ ಅಂದಳು.

ಒಂದು ವಿಷಯ ಮಾತ್ರ ಉಳಿಯಿತು. ನನ್ನ ಸೈಟಿನ ಕ್ರಯಪತ್ರವನ್ನು ಯಂತ್ರಕ್ಕೆ ಹಾಕಿದ್ದು, ಅದು ನನ್ನನ್ನೂ ನಕಲುಗಾರ ಎಂದದ್ದು. ಇದನ್ನು ಅಟೆಂಡರ್ ಹೇಳಿರಲು ಸಾಧ್ಯವಿಲ್ಲ, ಯಾಕೆಂದರೆ ಸಭೆಯಲ್ಲಿ ಅದು ನಡೆಯಲೇ ಇಲ್ಲ. ಪರದೆಯ ಮೇಲೆ ಬಂದ ಸಾಲು ನನ್ನ ಕಣ್ಣಿಗೆ ಈಗಲೂ ಕಟ್ಟಿದ ಹಾಗಿದೆ. ಹಾಗಾದರೆ ಯಾವಾಗ ನೋಡಿದೆ? ಸಭೆಯ ನಂತರ ಆ ಪ್ರೋಗ್ರಾಮನ್ನು ನಾನು ಮತ್ತೆ ತೆರೆಯಲಿಲ್ಲ. ಪ್ರಿನ್ಸಿಪಾಲರು ಅದನ್ನು ಮುಟ್ಟಬಾರದು ಎಂದು ಬರೆದುಕೊಟ್ಟ ಪತ್ರ ನನ್ನ ಹತ್ತಿರವೇ ಇದೆ. ಸೈಟಿನ ಪತ್ರ ಇದ್ದದ್ದು ತೀರ್ಥಹಳ್ಳಿಯ ಮನೆಯ ಕಂಪ್ಯೂಟರಿನಲ್ಲಿ. ಪ್ರೋಗ್ರಾಮನ್ನು ನಾನು ಮನೆಗೆ ಒಯ್ದದ್ದು ಒಂದೇ ದಿನ, ವಿಚಾರಣೆಯ ಹಿಂದಿನ ದಿನ.

ಅಂದರೆ ನನಗೆ ಗೊತ್ತಿತ್ತು. ಯಂತ್ರ ತಪ್ಪಬಹುದು ಎಂದು ತಿಳಿದುಕೊಂಡೇ ಆ ಬೆಳಿಗ್ಗೆ ಮನೆ ಬಿಟ್ಟೆ. ಹೊಸನಗರದವರೆಗೆ ಬಂದೆ. ಪ್ರಿನ್ಸಿಪಾಲರ ಎದುರು, ನನ್ನ ವರದಿಯ ಎದುರು, ಆ ಹುಡುಗಿಯ ಎದುರು ಕೂತು 'ತಪ್ಪಾಯಿತು' ಅನ್ನುವುದರ ಬದಲು ಒಂದು ಚಹಾ ತರಿಸಿದೆ. ಇದು ನೆನಪಲ್ಲ, ತರ್ಕ. ನನ್ನ ನೆನಪಿಗಿಂತ ನನ್ನ ತರ್ಕವನ್ನು ನಾನು ಹೆಚ್ಚು ನಂಬುತ್ತೇನೆ, ಈ ಸಲ ದುರದೃಷ್ಟವಶಾತ್.

ಇದನ್ನೂ ನಾಗರತ್ನಳಿಗೆ ಹೇಳಿದೆ. ಅವಳು ಬೇರೆ ವಿಷಯ ತೆಗೆದಳು. ಕಾಲೇಜಿನವರು ಈಗ ಹೊಸ ಸಾಫ್ಟ್‌ವೇರ್ ತರಿಸಿದ್ದಾರೆ. ವಿದ್ಯಾರ್ಥಿ ಬರೆದದ್ದನ್ನು ಓದಿ, ಇದನ್ನು ಮನುಷ್ಯ ಬರೆದನೋ ಯಂತ್ರ ಬರೆಯಿತೋ ಎಂದು ಅದು ಹೇಳುತ್ತದಂತೆ. ಇಬ್ಬರು ಹುಡುಗರು, ಒಬ್ಬಳು ಹುಡುಗಿಯ ಮೇಲೆ ಅದರ ವರದಿ ಬಂದಿದೆ. ಮೂವರೂ ತಾವೇ ಬರೆದದ್ದು ಅನ್ನುತ್ತಿದ್ದಾರೆ. ಪ್ರಿನ್ಸಿಪಾಲ್ ಆದ ಮೇಲೆ ಅವಳು ಒಂದು ನಿಯಮ ಮಾಡಿದ್ದಾಳೆ: ಯಂತ್ರದ ವರದಿ ಸಮಿತಿಗೆ ಬರಬೇಕಾದರೆ ಅದನ್ನು ಓಡಿಸಿದ ಮನುಷ್ಯ ಜೊತೆಗೆ ಬರಬೇಕು, ವಿದ್ಯಾರ್ಥಿಯ ಎದುರಿನ ಕುರ್ಚಿಯಲ್ಲಿ ಕೂರಬೇಕು, ವಿದ್ಯಾರ್ಥಿ ಕೇಳಿದ್ದಕ್ಕೆ ಉತ್ತರ ಕೊಡಬೇಕು. ಕುರ್ಚಿ ಖಾಲಿಯಿದ್ದರೆ ವರದಿಯೂ ಇಲ್ಲ. ಹೊಸ ಮೇಷ್ಟ್ರುಗಳಿಗೆ ಆ ಕುರ್ಚಿ ಎಂದರೆ ಭಯವಂತೆ. ಸೋಮವಾರ ಹನ್ನೆರಡು ಗಂಟೆಗೆ ಮೊದಲ ವಿಚಾರಣೆ. ನೀವು ಬಂದು ಆ ಕುರ್ಚಿಯಲ್ಲಿ ಮೊದಲು ಕೂತು, ಹಳೆಯ ಕಥೆ ಹೇಳಬೇಕು ಅಂದಳು.

ಯಾವ ಕಥೆ ಎಂದು ಕೇಳಿದೆ.

"ಚಹಾದ್ದು," ಅಂದಳು. ಆಮೇಲೆ, "ಹತ್ತು ಗಂಟೆ ಬಸ್ಸು ಈಗಲೂ ಇದೆ ಸಾರ್. ಬೇಕಿದ್ರೆ ಕಾರು ಕಳಿಸ್ತೀನಿ."

ಕಾರು ಬೇಡ ಅಂದೆ.

ತಿಮ್ಮಪ್ಪನವರು ಈಗಿಲ್ಲ. ಇದ್ದಿದ್ದರೆ ಮೊದಲು ಅವರಿಗೆ ಹೇಳಬೇಕಾಗಿತ್ತು. ಅವರಿಗೆ ಆ ದಿನವೇ ಎಲ್ಲ ಗೊತ್ತಾಗಿತ್ತು. ಆದರೂ ಮುಂದಿನ ವಾರ ನಾನು ಹೋದಾಗ ಸ್ಟೂಲು ಎಳೆದು ಕೊಟ್ಟು ಚಹಾ ಹೇಳಿದ್ದರು. ಮಗಳ ವಿಷಯ ಎತ್ತಲಿಲ್ಲ. ಮುಂದಿನ ಬಸ್ಸು ಸಿಕ್ಕಿತಾ ಎಂದು ಕೇಳಿದರು ಎಂದು ನನಗೆ ನೆನಪಿದೆ. ಅದನ್ನು ನಾನೇ ಈಗ ಸೇರಿಸಿಕೊಂಡಿರಲೂಬಹುದು.

ಹೊಸ ಮೇಷ್ಟ್ರುಗಳೇ, ಉಪದೇಶ ಇಷ್ಟೇ, ಅದೂ ನನ್ನದಲ್ಲ, ನಾಗರತ್ನಳ ಕುರ್ಚಿಯದು. ಉಳಿದದ್ದನ್ನು ನಾಳೆ ಎದುರಾ ಎದುರು ಕೇಳಿ.

ಇದನ್ನು ಹೊಸನಗರದ ಬಸ್ ನಿಲ್ದಾಣದಲ್ಲಿ ಕೂತು ಮುಗಿಸುತ್ತಿದ್ದೇನೆ. ಮೇಲೆ ನಾಳೆ ಎಂದು ಬರೆದದ್ದು ನಿನ್ನೆ, ಇವತ್ತೇ ಸೋಮವಾರ. ಒಂಬತ್ತು ಗಂಟೆಗೇ ಬಂದು ಕೂತಿದ್ದೇನೆ. ಕ್ಯಾಂಟೀನಿನವನು ಎರಡು ಸಲ ಚಹಾ ಬೇಕಾ ಎಂದು ಕೇಳಿದ, ಬೇಡ ಅಂದೆ. ಬಸ್ಸು ಬಂತು. ಈ ಸಾಲನ್ನು ಒಳಗೆ ಕಿಟಕಿಯ ಪಕ್ಕ ಕೂತು ಬರೆಯುತ್ತಿರುವುದರಿಂದ ಅಕ್ಷರ ಅಲ್ಲಾಡಿದೆ. ಮುಂದೊಂದು ದಿನ ನಾನೇ ಇದನ್ನು ಬೇರೆ ರೀತಿ ಹೇಳತೊಡಗಿದರೆ ಇರಲಿ ಎಂದು, ಸಾಗರದ ಟಿಕೇಟನ್ನು ಈ ಪುಟದ ಕೆಳಗೆ ಅಂಟಿಸಿದ್ದೇನೆ.